ಎರಡು ಮಗ್ಗುಲಿನ ಲಗ್ನಪತ್ರಿಕೆ

ಸೋಮವಾರ ಬೆಳಿಗ್ಗೆ ಜುಂಜಮ್ಮ ಬರಗೂರಿನಿಂದ ಮಧುಗಿರಿಗೆ ಬಂದು ನಾಗಲಿಂಗಯ್ಯನವರ ಮನೆಗೆ ಅಂಟಿಕೊಂಡೇ ಇದ್ದ ಅಚ್ಚಿನ ಪ್ರೆಸ್ಸಿನ ಮುಂದೆ ನಿಂತಾಗ ಆಳುಗಳು ಮದುವೆ ಚಪ್ಪರದ ಗಳ ಬಿಚ್ಚುತ್ತಿದ್ದರು. ಆಕೆಯ ಕಂಕುಳಲ್ಲಿ ಹೊಸ ಕಂಬಳಿ, ಕೈಯಲ್ಲಿ ಲಗ್ನಪತ್ರಿಕೆ.

“ಇದೇನ್ ಸಾಮಿ, ತಾಳಿ ಕಟ್ಟಕ್ ಮುಂಚೇನೇ ಚಪ್ರ ಬಿಚ್ತಾವ್ರೆ?”

“ಮದುವೆ ನಿನ್ನೆನೇ ಆಗೋಯ್ತು ಜುಂಜಮ್ಮ,” ಎಂದರು ನಾಗಲಿಂಗಯ್ಯ. ಅವರ ಮಗಳು ಕಮಲಾಕ್ಷಿ ನಿನ್ನೆ ಸಂಜೆಯೇ ಗಂಡನ ಜೊತೆ ಪಾವಗಡಕ್ಕೆ ಹೊರಟುಹೋಗಿದ್ದಳು. ತಾಯಿಯಿಲ್ಲದ ಆ ಕೂಸನ್ನು ಐದು ವರ್ಷ ಸಾಕಿದವಳು ಜುಂಜಮ್ಮ. ಆಕೆ ಜಗಲಿಯ ಮೇಲೆ ಕೂತಳು.

ಒಳಗೆ ಕಾಫಿ ಕುಡಿಯುತ್ತಿದ್ದ ರೇಣುಕಯ್ಯ ಮೇಷ್ಟ್ರು ಲೋಟ ಕೆಳಗಿಟ್ಟರು. ಆ ಪ್ರೆಸ್ಸಿಗೆ ಎರಡು ಭಾಷೆಯ ಕೆಲಸ ಬಂದರೆ ಅಚ್ಚಿಗೆ ಮುಂಚೆ ತಪ್ಪು ತಿದ್ದುವ ಕರಡು, ಅಂದರೆ ಪ್ರೂಫು, ಕನ್ನಡದ್ದು ನಾಗಲಿಂಗಯ್ಯನವರದು, ಇಂಗ್ಲಿಷಿನದು ಈ ಮೇಷ್ಟ್ರದು. ಹಿಂದೊಮ್ಮೆ ಮೇಷ್ಟ್ರು ಕನ್ನಡದ ಮಗ್ಗುಲಿಗೂ ತಪ್ಪಿನ ಗುರುತು ಹಾಕಿದ್ದಕ್ಕೆ ನಾಗಲಿಂಗಯ್ಯ, “ನಿಮ್ಮ ಮಗ್ಗುಲು ನೀವು ನೋಡ್ಕೊಳ್ಳಿ ಮೇಷ್ಟ್ರೇ, ಕನ್ನಡಕ್ಕೆ ನಾನಿದ್ದೀನಿ,” ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದರು. ಅಂದಿನಿಂದ ಮೇಷ್ಟ್ರು ಪ್ರೂಫು ಮಗುಚಿ ನೋಡಿದವರಲ್ಲ.

ಈ ಲಗ್ನಪತ್ರಿಕೆಯ ಪ್ರೂಫನ್ನು ಮಾತ್ರ ಮಗುಚಿದ್ದರು, ಹುಡುಗಿ ತಮ್ಮ ಶಿಷ್ಯೆ ಎಂಬ ಅಕ್ಕರೆಗೆ. ಪುರೋಹಿತರು ಮುಹೂರ್ತವನ್ನು ಸೋಮವಾರದಿಂದ ಭಾನುವಾರಕ್ಕೆ ಬದಲಿಸಿದ್ದರು. ಇಂಗ್ಲಿಷಿನಲ್ಲಿ ಭಾನುವಾರ ಬಂದಿತ್ತು. ಮೊದಲೇ ಅಚ್ಚಿನ ಮೊಳೆ ಜೋಡಿಸಿಟ್ಟಿದ್ದ ಕನ್ನಡದಲ್ಲಿ ಸೋಮವಾರವೇ ಉಳಿದಿತ್ತು. ಒಂದೊಂದು ಒತ್ತಕ್ಷರವನ್ನೂ ಹೆಕ್ಕಿ ನೋಡಿದ ನಾಗಲಿಂಗಯ್ಯ ದಿನವನ್ನು ನೋಡಿರಲಿಲ್ಲ. ಮೇಷ್ಟ್ರಿಗೆ ಕಂಡಿತ್ತು. ಕನ್ನಡಕ್ಕೆ ಅವರಿದ್ದಾರಲ್ಲ, ನನಗ್ಯಾಕೆ ಎಂದು ಸುಮ್ಮನೆ ವಾಪಸು ಕೊಟ್ಟಿದ್ದರು. ಒಂದು ಮಾತು ಹೇಳಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು!

ಅಚ್ಚಾದ ಮೇಲೆ ಯಾರೋ ತಪ್ಪು ತೋರಿಸಿದಾಗ ನಾಗಲಿಂಗಯ್ಯ ಎಲ್ಲರಿಗೂ ಹೇಳಿ ಕಳಿಸಿದ್ದರು. ಜುಂಜಮ್ಮನಿಗೆಂದು ಬರಗೂರಿಗೆ ಅಂಚೆಯಲ್ಲಿ ಹೋಗಿದ್ದ ಒಂದೇ ಒಂದು ಪತ್ರಿಕೆ ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತು.

ಜುಂಜಮ್ಮ ಪತ್ರಿಕೆಯನ್ನು ಮೇಷ್ಟ್ರ ಕೈಗೆ ಕೊಟ್ಟಳು. “ಬಸ್ಸಿನ ಕಂಡಕ್ಟ್ರು ಸೋಮಾರ ಅಂತ ಓದಿ ಯೋಳ್ದ. ನಾನೇ ತಪ್ಪು ತಿಳ್ಕಂಡ್ನಾ? ನೀವಾದ್ರೂ ಓದಿ ಯೋಳಿ.”

ಮೇಷ್ಟ್ರು ಕನ್ನಡದ ಮಗ್ಗುಲು ತಿರುಗಿಸಿದರು. ನಾಗಲಿಂಗಯ್ಯ ಈ ಸಲ ತಡೆಯಲಿಲ್ಲ.

“ಸೋಮವಾರ ಅಂತಲೇ ಇದೆ ಕಣಮ್ಮ.”

“ಅಂಗಾರೆ ನಂದೇನೂ ತಪ್ಪಿಲ್ಲ ಬುಡಿ. ಜುಂಜಮ್ಮ ಮರ್ತಿರ್ನಿಲ್ಲ ಅಂತ ಮಗೀಗೆ ಯೋಳ್ಬುಡಿ ಸಾಮಿ.” ಕಂಬಳಿಯನ್ನು ಜಗಲಿಯ ಮೇಲಿಟ್ಟು, ಅದರ ಅಂಚು ಸವರುತ್ತ ಕೇಳಿದಳು: “ಅಲ್ಲಾ, ಅಚ್ಚು ಹಾಕಕ್ ಮುಂಚೆ ಇದ್ನ ಯಾರೂ ಓದಾಕಿಲ್ವಾ?”



“ಓದ್ತೀವಿ ಕಣಮ್ಮ,” ಎಂದರು ಮೇಷ್ಟ್ರು. “ಇಬ್ಬರು ಓದ್ತೀವಿ.”