ಐನೂರರಲ್ಲಿ ಒಂದು

ಅಳಿವೆಯ ನೀರ ನಡುವಿನ ಕುದ್ರುವಿನಲ್ಲಿ ಅರಣ್ಯಾಧಿಕಾರಿ ಪಂಚಾಕ್ಷರಯ್ಯನವರು ಐನೂರು ಸಾಗುವಾನಿ ಸಸಿ ನೆಡಿಸಿದ ದಿನವೇ ದೋಣಿಯ ಶೀನ ಖಾರ್ವಿ ಹೇಳಿದ್ದ: "ಉಪ್ಪುನೀರು ಸಾಹೇಬ್ರೆ, ಸಾಗುವಾನಿ ಬದುಕುದಿಲ್ಲ. ಕಾಂಡ್ಲಾ ನೆಡಿ, ಅದು ಉಪ್ಪು ಕುಡಿದೇ ಬೆಳೀತದೆ."

"ಸರ್ಕಾರದ ಆದೇಶದಲ್ಲಿ ಉಪ್ಪಿನ ಮಾತೇ ಇಲ್ಲವಲ್ಲಯ್ಯ!" ಎಂದು ಅವರು ನಕ್ಕಿದ್ದರು.

ಎರಡು ವರ್ಷದ ಮೇಲೆ ಈಗ ಮೇಲಧಿಕಾರಿ ತಪಾಸಣೆಗೆಂದು ಅದೇ ದೋಣಿ ಹತ್ತಿದ್ದರು. "ಒಂದಾದರೂ ಬದುಕಿರದಿದ್ದರೆ ನಿಮಗೆ ಅಮಾನತೇ ಗತಿ, ಪಂಚಾಕ್ಷರಯ್ಯ."

ಪಂಚಾಕ್ಷರಯ್ಯನವರು ಶೀನನ ಕಡೆ ತಿರುಗಿದರು.

"ಒಂದುಂಟಲ್ಲ, ಹೂ ಸಹ ಬಿಟ್ಟಿದೆ," ಎಂದ ಶೀನ, ಹುಟ್ಟು ಹಾಕುತ್ತ.

"ನೋಡಿದಿರಾ ಸರ್? ಶ್ರದ್ಧೆಯಿಂದ ನೆಟ್ಟರೆ ಎಲ್ಲಿ ಬೇಕಾದರೂ ಬೆಳೆಯುತ್ತದೆ!"

ಬೋಳು ದಂಡೆಯಲ್ಲಿ, 'ಸಾಗುವಾನಿ ನೆಡುತೋಪು' ಎಂಬ ಫಲಕಕ್ಕೆಂದು ಶೀನ ಹೂಳಿದ್ದ ಹೊಂಗಾರೆ ಮರದ ಹಸಿ ಗೂಟ ಬೇರುಬಿಟ್ಟು, ಮೈತುಂಬ ಕೆಂಪು ಹೂ ಹೊತ್ತು ನಿಂತಿತ್ತು.