ಮಾತಿನ ವೇಗ

"ಆ ದನಿ ಯಾಕೆ ಸಾರ್ ಹಾಗೆ ತೂಕಡಿಸುತ್ತೆ?" ಎನ್ನುತ್ತಲೇ ಆಕೆ ಎಂಜಿನಿಯರ್ ಮನೆಯೊಳಗೆ ಬಂದಳು. ಕೈಯಲ್ಲಿ ಬಿಳಿ ಕೋಲು, ಹೆಗಲಲ್ಲಿ ಚೀಲ. ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್ ಎಂದು ಪರಿಚಯ ಹೇಳಿಕೊಂಡಳು. ಬಸ್ಸು ಬದಲಿಸಿ, ದಾರಿಯುದ್ದಕ್ಕೂ ವಿಳಾಸ ಕೇಳಿಕೊಂಡು ಬಂದಿದ್ದಳು.

ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಕಣ್ಣು ಕಾಣದವರಿಗೆ ಓದಿ ಹೇಳುವ ಆ ದನಿ ಎಂಜಿನಿಯರ್ ಅವರ ಕೈಕೆಲಸ. ಅಂಥ ತಂತ್ರಾಂಶವನ್ನು ದೊಡ್ಡ ಕಂಪನಿಗಳು ಮಾತ್ರ ಮಾಡಿ, ಉಳ್ಳವರು ಮಾತ್ರ ಕೊಳ್ಳುತ್ತಿದ್ದ ಕಾಲದಲ್ಲಿ ಅವರು ಈ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಕೂತು ಅದನ್ನು ಬರೆದಿದ್ದರು. ಬರೆದದ್ದರಲ್ಲಿ ಒಂದಕ್ಷರವನ್ನೂ ಮುಚ್ಚಿಡಲಿಲ್ಲ. ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಎಂದು ಲೋಕದ ಮುಂದಿಟ್ಟರು. ಕೊಳ್ಳಲು ಬಂದ ಕಂಪನಿಯವರಿಗೆ ಕಾಫಿ ಕೊಟ್ಟು ಕಳಿಸಿದರು. ಈಗ ಅವರು ಹೆಸರೂ ಕೇಳದ ಊರುಗಳ ಶಾಲೆಗಳಲ್ಲಿ ಆ ದನಿ ಪಾಠ ಓದುತ್ತಿತ್ತು.

"ವೇಗ ಹೆಚ್ಚಿಸೋಕೆ ಅದರಲ್ಲೇ ದಾರಿ ಇದೆಯಲ್ಲಮ್ಮ," ಎಂದರು ಎಂಜಿನಿಯರ್.

"ಕೊನೇವರೆಗೂ ಹೆಚ್ಚಿಸಿದ್ದೀನಿ ಸಾರ್. ಅದು ಒಬ್ಬ ಡಾಕ್ಟರ ಹೆಸರು ಓದಿ ಮುಗಿಸೋಷ್ಟರಲ್ಲಿ ಫೋನಿನ ಆ ಕಡೆಯವರು ಬೈಯೋಕೆ ಶುರು ಮಾಡಿರ್ತಾರೆ. ಹಳೇ ಟೆಲಿಫೋನ್ ಬೋರ್ಡಿದ್ದಾಗ ಎಲ್ಲಾ ನನ್ನ ಬೆರಳ ತುದೀಲಿತ್ತು. ಈಗ ಎಲ್ಲಾನೂ ಕಂಪ್ಯೂಟರಿಗೆ ಹಾಕಿದ್ದಾರೆ. ಈ ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರನ್ನ ಕೂರಿಸ್ತೀನಿ ಅಂದಿದ್ದಾರೆ ನಮ್ಮ ಮ್ಯಾನೇಜರು."

"ಅದಕ್ಕಿಂತ ಬೇಗ ಓದಿದ್ರೆ ಅರ್ಥ ಆಗಲ್ಲ ಅಂತ ಅಲ್ಲಿಗೆ ಮಿತಿ ಹಾಕಿದೆ."

"ಯಾರಿಗೆ ಅರ್ಥ ಆಗಲ್ಲ?"

"ನನಗೆ," ಎಂದರು.

ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅವರ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದರು. "ಅಳತೆ ತಗೊಳ್ದೆ ಹೊಲಿದ್ರೆ ಹೀಗೇ ಆಗೋದು. ನಿಮ್ಮ ಮೈಗೆ ಸರಿಹೋಗೋ ಅಂಗೀನ ಊರಿಗೆಲ್ಲಾ ತೊಡಿಸಿದ್ದೀರಿ."

ಇನ್ನೊಬ್ಬರಾಗಿದ್ದರೆ ಸಿಡುಕುತ್ತಿದ್ದರೇನೋ. ಅವರು ಹಣೆ ಚಚ್ಚಿಕೊಂಡು ನಕ್ಕರು. ಈಗಲೇ ಸರಿಮಾಡುತ್ತೇನೆಂದು ಕೀಲಿಮಣೆ ಎಳೆದುಕೊಂಡರು. ಆಕೆ ಮಾತ್ರ ಕದಲಲಿಲ್ಲ.

"ಯಾರು ಬೇಕಾದ್ರೂ ತಿದ್ದಬಹುದು ಅಂತ ನೀವೇ ಬರೆದಿದ್ದೀರಿ. ಕೇಳಿ ಕೇಳಿ ನಾನೂ ಒಂದಿಷ್ಟು ಕೋಡ್ ಬರೆಯೋದು ಕಲಿತಿದ್ದೀನಿ. ಆ 'ಯಾರು ಬೇಕಾದ್ರೂ' ಅನ್ನೋದ್ರಲ್ಲಿ ನಾನು ಬರ್ತೀನಾ ಸಾರ್?"

ಸಭೆಗಳಲ್ಲಿ, ಪತ್ರಗಳಲ್ಲಿ ಜನ ಅವರನ್ನು ಏನೇನೋ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವರು ಎದ್ದು, ಆ ಕೋಣೆಯಲ್ಲಿ ತಮ್ಮನ್ನು ಬಿಟ್ಟು ಬೇರಾರೂ ಕೂರದ ಕುರ್ಚಿಯನ್ನು ಆಕೆಗೆ ಬಿಟ್ಟುಕೊಟ್ಟರು.

ಆಕೆ ಕೀಲಿಗಳ ಮೇಲೆ ಬೆರಳಿಟ್ಟಳು. ದನಿ ತನ್ನದೇ ಒಡಲನ್ನು ಸಾಲು ಸಾಲಾಗಿ ಓದತೊಡಗಿತು. "ಇನ್ನೂ ಮೇಲೆ ಹೋಗಿ, ಇನ್ನೂ ಮೇಲೆ," ಎಂದರು ಎಂಜಿನಿಯರ್.

"ಮೇಲೆ ಅಂದ್ರೆ ನನಗೇನು ತಿಳಿಯುತ್ತೆ ಸಾರ್? ಮುಂಚೆ ಅನ್ನಿ."

"ಸರಿ. ಮುಂಚೆ."

ಮಿತಿ ಹಾಕಿದ್ದ ಸಾಲು ಸಿಕ್ಕಿತು. ಆಕೆ ಅದನ್ನು ತಿದ್ದಿ, ತಂತ್ರಾಂಶವನ್ನು ಮತ್ತೆ ಚಾಲೂ ಮಾಡಿದಳು. ಮೂಟೆ ಹರಿದು ಕಾಳು ಸುರಿದ ಹಾಗೆ ದನಿ ಸುರಿಯಿತು. ಎಂಜಿನಿಯರಿಗೆ ಒಂದು ಪದವೂ ದಕ್ಕಲಿಲ್ಲ. ಬಂದಾಗಿನಿಂದ ಬಿಗಿದುಕೊಂಡಿದ್ದ ಆಕೆಯ ಹೆಗಲು ಸಡಿಲವಾಯಿತು.

"ಏನಂತು?" ಎಂದು ಅವರೇ ಆಕೆಯನ್ನು ಕೇಳಬೇಕಾಯಿತು.

"ಬದಲಾವಣೆ ಉಳಿಸಲಾ ಅಂತು."

"ಉಳಿಸಿ," ಎಂದರು.

ಆ ತಿದ್ದುಪಡಿ ಆಕೆಯ ಹೆಸರಿನಲ್ಲೇ ಲೋಕಕ್ಕೆ ಹೋಯಿತು. ಎಲ್ಲೆಲ್ಲಿಂದಲೋ ಕೃತಜ್ಞತೆ ಬಂತು. ಒಬ್ಬರು 'ಅಂತೂ ಇಂತೂ' ಎಂದಷ್ಟೇ ಬರೆದಿದ್ದರು. ಪುಕ್ಕಟೆ ಕೊಟ್ಟವರ ಮುಂದೆ ಕೊರತೆ ಹೇಗೆ ಹೇಳುವುದು ಎಂದು ಅವರೆಲ್ಲ ವರ್ಷಗಳಿಂದ ಸುಮ್ಮನಿದ್ದರಂತೆ. ಅದನ್ನು ಓದಿದ ಎಂಜಿನಿಯರ್ ಹೆಂಡತಿಯ ಹತ್ತಿರ ಒಂದು ತುಂಡು ಕಪ್ಪು ಬಟ್ಟೆ ಕೇಳಿ ತಂದು ಪರದೆಯ ಮೇಲೆ ಹೊದಿಸಿದರು. ಅಂದಿನಿಂದ ಕಿವಿಯೊಂದನ್ನೇ ನಂಬಿ ಕೆಲಸಕ್ಕೆ ಕೂತರು.

ತಂತ್ರಾಂಶವೆಂಬ ತಾವೇ ಕಟ್ಟಿದ ಮನೆಯಲ್ಲಿ ಅವರು ಹೆಜ್ಜೆ ಹೆಜ್ಜೆಗೂ ಎಡವಿದರು. ಎಡವಿದ ಕಡೆಯೆಲ್ಲ ನಿಂತು ಸರಿಪಡಿಸಿದರು. "ಊಟಕ್ಕಾದ್ರೂ ಎದ್ದು ಬನ್ನಿ," ಎಂದು ಹೆಂಡತಿ ಕರೆದು ಕರೆದು ಸೋತರು. ಅವರ ಕಿವಿ ಚುರುಕಾಗುವ ಹೊತ್ತಿಗೆ ಆಪರೇಟರಿಗೆ ಮ್ಯಾನೇಜರ್ ಕೊಟ್ಟಿದ್ದ ಗಡುವು ಕಳೆದು ತಿಂಗಳುಗಳೇ ಆಗಿದ್ದವು.

ಒಂದು ಮಧ್ಯಾಹ್ನ ಅವರು ತಂತ್ರಾಂಶದ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡರು. ಅಲ್ಲಿ ದನಿಯೇ ಇಲ್ಲ. ಯಾವ ಕೀಲಿ ಒತ್ತಿದರೂ ಈಚೆ ಬರಲಾಗಲಿಲ್ಲ. ಬಟ್ಟೆಯ ಅಂಚಿನತ್ತ ಹೋದ ಕೈಯನ್ನು ಹಿಂದೆಗೆದುಕೊಂಡರು.

"ಗೊತ್ತಿರೋರನ್ನ ಕೇಳ್ಬಾರದೇನ್ರೀ?" ಎಂದರು ಹೆಂಡತಿ, ಹಲ್ಲಿನಲ್ಲಿ ದಾರ ಕಡಿಯುತ್ತ.

ಎಂಜಿನಿಯರ್ ಆಸ್ಪತ್ರೆಗೆ ಫೋನ್ ಮಾಡಿದರು. ಒಂದೇ ರಿಂಗಿಗೆ ಆ ಕಡೆ ಎತ್ತಿದರು.

"ನಮಸ್ಕಾರ. ಯಾರಿಗೆ ಕೊಡ್ಲಿ?" ಅದೇ ಚುರುಕು ದನಿ.

"ಯಾರಿಗೂ ಬೇಡಮ್ಮ. ನಾನು, ಎಂಜಿನಿಯರು. ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ. ನಿಮ್ಮನ್ನೇ ಕೇಳ್ಬೇಕಿತ್ತು."

ಆಕೆ ಪಕ್ಕದಲ್ಲಿ ಕೂತವಳಿಗೆ ಹೇಳಿದ್ದು ಅವರಿಗೂ ಕೇಳಿಸಿತು:

"ಸ್ವಲ್ಪ ನನ್ನ ಸೀಟು ನೋಡ್ಕೊಳ್ಳೇ. ನನಗೆ ಫೋನ್ ಬಂದಿದೆ."