ಹರಕು ಚಾಪೆ ಸುತ್ತಿಕೊಂಡು ಬಂದವನು

ಹಡಗುಕಟ್ಟೆಯ ಕಡೆಯಿಂದ ನಡೆದುಬಂದವನು ಬೇಲಿಯ ಹೊರಗೆ ನಿಂತು, ಚೀಲದಿಂದ ಚಾಪೆಯೊಂದನ್ನು ತೆಗೆದು ಮೈಗೆ ಸುತ್ತಿಕೊಂಡ. ಹಿತ್ತಲಲ್ಲಿ ಗೆಣಸು ಹೆರೆಯುತ್ತಿದ್ದ ಹೆಂಗಸರ ಕೈ ನಿಂತಿತು. ಹಳೆಯ ಚಾಪೆ. ಅಂಚು ಹರಿದದ್ದು, ಮೊಳಕಾಲಿನಿಂದ ಎದೆಯವರೆಗೆ ಬರುವಷ್ಟು ದೊಡ್ಡದು. ಅಂಥದು ಆ ಮನೆಯಲ್ಲಿ ಇನ್ನೊಬ್ಬಳ ಮೈಮೇಲೆ ಮಾತ್ರ ಇತ್ತು: ಸತ್ತವನ ಒಬ್ಬಳೇ ಮಗಳು ಅಕೊಸಿತಾಳ ಮೈಮೇಲೆ.

ಟೊಂಗಾದಲ್ಲಿ ಸಾವಿನ ಮನೆಗೆ ಬಂದವರನ್ನು ನೀನು ಏನಾಗಬೇಕು ಎಂದು ಯಾರೂ ಕೇಳುವುದಿಲ್ಲ. ಚಾಪೆ ನೋಡಿದರೆ ಸಾಕು. ಸತ್ತವನ ಅಕ್ಕತಂಗಿಯರದು ನಯವಾದ ಸಣ್ಣ ಚಾಪೆ. ಅವರು ಹೆಣದ ತಲೆಯ ಬಳಿ ಕೂರುತ್ತಾರೆ. ಮಕ್ಕಳುಮರಿಗಳದು ಹರಕು, ಅವರು ಹಿತ್ತಲಲ್ಲಿ ಒಲೆಯ ಹೊಗೆ ಕುಡಿಯುತ್ತಾರೆ.

"ನಿಂಗೊಬ್ಬ ತಮ್ಮ ಇದ್ದಾನೆ ಅಂತ ಹೇಳಲೇ ಇಲ್ವಲ್ಲೇ," ಎಂದಳು ಪಕ್ಕದ ಮನೆಯ ಫಿನೌ.

"ಯಾರ್ದೋ ಚಾಪೆ ಇಸ್ಕೊಂಡು ಬಂದಿರ್ತಾನೆ. ಸುಮ್ನೆ ಗೆಣಸು ಹೆರಿ."

"ಹೆರೀತೀನಮ್ಮ. ಆ ಮೂಗನ್ನೂ ಇಸ್ಕೊಂಡೇ ಬಂದಿರ್ಬೇಕು."

ಅಕೊಸಿತಾ ತಲೆಯೆತ್ತಿ ನೋಡಿದಳು. ಮೂವತ್ತರ ಆಸುಪಾಸಿನ ಗಂಡಸು. ಮೂಗು ಅಪ್ಪನದೇ.

ಅವನು ಮೆಟ್ಟು ಬಿಟ್ಟು, ತಲೆ ತಗ್ಗಿಸಿ ನಡುಮನೆಯೊಳಗೆ ಹೋದ. ಹೆಣದ ಕಾಲಿಗೆ ಮುತ್ತಿಟ್ಟ. ತಲೆಯ ಬಳಿ ಕೂತಿದ್ದ ಲೆಸಿಯೆಲಿ ಅತ್ತೆ, ಸತ್ತವನ ಅಕ್ಕ, ಅವನ ಹೆಸರು ಕೇಳಲಿಲ್ಲ. "ಹಡಗು ತಡವಾಯ್ತಾ?" ಎಂದಳು, ಅಷ್ಟೆ. ಕಿಟಕಿಯಿಂದ ಆ ಮಾತು ಹಿತ್ತಲಿಗೂ ಕೇಳಿಸಿತು.

"ತಮ್ಮ ಒಳಗಿದ್ದಾನೆ. ನೀನಿನ್ನು ನಡುಮನೆಗೆ ಕಾಲಿಡೋ ಹಾಗಿಲ್ಲ ಬಿಡು," ಎಂದಳು ಫಿನೌ.

ಅದೂ ನಿಜವೇ. ಒಡಹುಟ್ಟಿದ ಹೆಣ್ಣುಗಂಡು ಅಲ್ಲಿ ಒಂದೇ ಕೋಣೆಯಲ್ಲಿ ಇರುವಂತಿಲ್ಲ; ಹೆಣ್ಣಿರುವ ಕೋಣೆಯ ಹೊಸ್ತಿಲನ್ನು ಗಂಡು ತುಳಿಯುವುದಿಲ್ಲ. ಅಕೊಸಿತಾಳ ಚಿಕ್ಕಮ್ಮನ ಮಕ್ಕಳು ಕೂಡ, ಅಣ್ಣತಮ್ಮಂದಿರ ಲೆಕ್ಕವೇ ಆದ್ದರಿಂದ, ಬೆಳಗಿನಿಂದ ಮಾವಿನ ಮರದ ಕೆಳಗೇ ಉಳಿದಿದ್ದರು.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಕಲ್ಲು ಸರಿಸಿದಳು, ಮತ್ತೆ ಅಲ್ಲೇ ಇಟ್ಟಳು. ಅವಳಪ್ಪ, ವಕೀಲ ಸಿಯೊಸೈಯಾ, ಹದಿನಾಲ್ಕು ದೇಶದ ನೀರು ಕುಡಿದವನು. ಕಡಲಿನ ಗಡಿ ಎಲ್ಲಿ ಮುಗಿಯುತ್ತದೆ ಎಂದು ವಾದಿಸಲು ಊರೂರು ಅಲೆದವನು. ಆದರೆ ತಾಯಿಯಿಲ್ಲದ ಮಗಳಿಗೆ ಜಡೆ ಹಾಕಲು ಭಾನುವಾರದೊಳಗೆ ಮನೆ ಸೇರುತ್ತಿದ್ದ. ಓದಲು ಹೋದ ಆಕ್ಲೆಂಡಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಅವಳು ಎಡವಿದಾಗ ಒಂದು ಮಾತೂ ಬೈಯದೆ ಬಂದು ಆಸ್ಪತ್ರೆಯ ಮಂಚದ ಪಕ್ಕ ಕೂತವನು ಅವನೇ. "ಕೂಸು ಉಳೀಲಿಲ್ಲ ಮಗಳೇ," ಎಂದು ತಾನೇ ಹೇಳಿ, ತಾನೇ ಮೊದಲು ಅತ್ತವನು. ಆಮೇಲೆ ಅವಳು ಮದುವೆಯಾಗಲಿಲ್ಲ, ಅವನು ಒತ್ತಾಯಿಸಲಿಲ್ಲ.

ಯಾವ ದೇಶದಿಂದ ಬರುವಾಗಲೂ ಆಕ್ಲೆಂಡಿನಲ್ಲಿ ಒಂದು ದಿನ ತಂಗುತ್ತಿದ್ದ. ವಿಮಾನ ಸಿಗಲಿಲ್ಲ ಎನ್ನುತ್ತಿದ್ದ. ಪ್ರತಿ ಸಲವೂ ಸಿಗದ ವಿಮಾನ. ಅದು ಅವಳಿಗೆ ಇವತ್ತೇ ಹೊಳೆಯಬೇಕೇ?

ಮಧ್ಯಾಹ್ನ ಗೋರಿಯ ಬಳಿ ಅಪ್ಪನ ಬಾಳನ್ನು ನೆನೆದು ಮಾತಾಡಬೇಕಾದವಳು ಅವಳು. ಕಾಗದದಲ್ಲಿ ಮೊದಲ ಸಾಲೇ ಹೀಗಿತ್ತು: "ಅಪ್ಪ ನನಗೆ ಒಂದು ದಿನವೂ ಸುಳ್ಳು ಹೇಳಿದವನಲ್ಲ." ಊರೆಲ್ಲ ಆ ಹರಕು ಚಾಪೆ ನೋಡಿಯಾದ ಮೇಲೆ ಅದನ್ನು ಯಾವ ಬಾಯಿಂದ ಓದುವುದು?

ಗೆಣಸಿನ ಕುಕ್ಕೆ ಬಿಟ್ಟು ಎದ್ದಳು. ಹಿಂದಿನ ಸಣ್ಣ ಕೋಣೆಗೆ ಹೋಗಿ ಕಾಗದ ಬಿಚ್ಚಿ, ಆ ಸಾಲಿನ ಮೇಲೆ ಪೆನ್ಸಿಲ್ ಇಟ್ಟಳು.

ಬಾಗಿಲು ಸರಿಯಿತು. ಅವನು ಒಳಗೆ ಬಂದು, ನೇರ ಅವಳೆದುರಿಗೇ ಕೂತ.

"ಹೆಸರೇನು?" ಎಂದಳು.

"ಪೆನಿ."

"ಯಾರು ಸಾಕಿದ್ದು?"

"ಆಕ್ಲೆಂಡಲ್ಲಿ ಒಬ್ರು ಪಾದ್ರಿ. ಇವರು ಬಂದುಹೋಗ್ತಿದ್ರು. ಒಂದು ಸಲಾನೂ ತಪ್ಪಿಸ್ಲಿಲ್ಲ."

"ಯಾಕೆ ಮುಚ್ಚಿಟ್ರಂತೆ?"

"ಹೋದ ತಿಂಗಳು ಕಾಗದ ಬರೆದಿದ್ರು. ಎಷ್ಟೋ ಕೋರ್ಟಲ್ಲಿ ನಿಂತು ಮಾತಾಡ್ದೆ, ಮಗಳೆದುರು ನಿಂತು ಇದನ್ನ ಹೇಳೋ ಧೈರ್ಯ ಮಾತ್ರ ಬರ್ಲಿಲ್ಲ ಅಂತ. ಹುಡುಗೀಗೆ ಕೆಟ್ಟ ಹೆಸರು ಬರುತ್ತೆ ಅಂತ ಹೆದರಿದ್ರಂತೆ. ನಮ್ಮಮ್ಮನ ಹೆಸರನ್ನೂ ಅದರಲ್ಲೇ ಬರೆದಿದ್ರು, ಮೊದಲ್ನೇ ಸಲ."

"ಆ ಹೆಸರು ನನಗೆ ಬೇಡ."

ಅವನು ಅವಳ ಮುಖದಿಂದ ಕಣ್ಣು ಕೀಳಲಿಲ್ಲ. ಅವಳ ಹಣೆ, ಕೆನ್ನೆ, ಪೆನ್ಸಿಲ್ ಹಿಡಿದ ಬೆರಳು, ಒಂದೊಂದನ್ನೇ ನೋಡುತ್ತ ಕೂತ. ಅಕೊಸಿತಾಳಿಗೆ ರೇಗಿತು.

"ಊರೂರು ಸುತ್ತಿದ ಮನುಷ್ಯ ನಿನಗೆ ಇಷ್ಟೂ ಹೇಳ್ಕೊಡ್ಲಿಲ್ವಾ? ಅಕ್ಕ ಇರೋ ಕೋಣೆಗೆ ತಮ್ಮ ಬರಬಾರದು. ಏಳು. ಹೊರಗೆ ಹೋಗು."

ಪೆನಿ ಏಳಲಿಲ್ಲ.

"ಅಜ್ಜ ಎಲ್ಲಾನೂ ಹೇಳ್ಕೊಟ್ಟಿದ್ರು," ಎಂದ. "ಅಕ್ಕ ಇರೋ ಕೋಣೆಗೆ ತಮ್ಮ ಬರಬಾರದು. ಅಮ್ಮ ಇರೋ ಕೋಣೆಗೆ ಮಗ ಬರಬಹುದು."